ಸೀಸೆಯ ಮಕ್ಕಳ ತಾಯಿ

ಸಂಶೋಧನಾ ಸಹಾಯಕಿ ಎಂಬ ದೊಡ್ಡ ಹೆಸರಿನ ಹುದ್ದೆಯ ಈ ಮನೆ ಸೊಸೆ ಲ್ಯಾಬಿಗೆ ಸೇರಿದ್ದು ಸೀಸೆ ತೊಳೆಯಲು. ವರ್ಷ ಕಳೆದ ಮೇಲೆ ಔಷಧಿ ಪರೀಕ್ಷೆಗೆ ಬೇಕಾದ ಜೀವಕೋಶಗಳನ್ನು ಆ ಸೀಸೆಗಳಲ್ಲಿ ಹೊತ್ತುಹೊತ್ತಿಗೆ ಪೋಷಕ ದ್ರವ ಉಣಿಸಿ ಬೆಳೆಸುವ ಕೆಲಸ ಕೈಗೆ ಬಂತು. ಅಂದಿನಿಂದ ಅವು ಅವಳ ಮಕ್ಕಳು. ರಜದ ದಿನವೂ ತಟ್ಟೆಯ ಮುಂದೆ ಕೂತವಳು ಗಡಿಯಾರ ನೋಡಿ ಎದ್ದುಬಿಡುತ್ತಾಳೆ. "ಮಕ್ಕಳು ಹಸಿದಿರ್ತಾರೆ ಅತ್ತೆ, ಈಗ ಬಂದೆ." "ನಿನ್ನ ಹೊಟ್ಟೆ ಗತಿಯೇನೇ, ಮಹಾತಾಯಿ?" ಎಂದು ಅತ್ತೆ ಕೂಗುವಷ್ಟರಲ್ಲಿ ಚಪ್ಪಲಿಯ ಸದ್ದು ಬೀದಿ ಮುಟ್ಟಿರುತ್ತದೆ. ಮನೆಯಲ್ಲೂ ಲ್ಯಾಬಿನದೇ ಮಡಿ. ಮುಚ್ಚಳ ತೆಗೆದ ಪಾತ್ರೆಯ ಮೇಲೆ ಯಾರೂ ಮಾತಾಡಕೂಡದು. ಹಾಲಿಗೆ ಹೆಪ್ಪು ಹಾಕುವಾಗ ಅತ್ತೆಯ ಬಾಯಿಗೂ ಬೀಗ. ಮೊಸರಿನ ಪಾತ್ರೆಗೆ ತಾರೀಖಿನ ಚೀಟಿ, ಮಾವನ ಕೆಮ್ಮಿನ ಔಷಧಿಗೂ ಚೀಟಿ. ಮಾವ ಒಂದು ಕಡೆ ಸುಮ್ಮನೆ ಕೂತರೆ ಅವರಿಗೂ ಅಂಟಿಸಿಯಾಳು. ಅವಳ ಕೈಯಲ್ಲಿ ಸದಾ, ಸೀಸೆ ಮುಟ್ಟುವ ಮುನ್ನ ಬಳಿದುಕೊಳ್ಳುವ ಸ್ಪಿರಿಟ್ಟಿನ ವಾಸನೆ, ಅದಕ್ಕೆ ಅತ್ತೆ ಮೂಗು ಮುರಿಯುವರು. ಹೀಗಿರುವಾಗ ಬಡ್ತಿ ಬಂತು: ಗಾಜಿನ ಕೋಣೆ, ತಿರುಗುವ ಕುರ್ಚಿ, ಇನ್ನು ಸೀಸೆಗಳು ಹೊಸಬರ ಪಾಲಿಗೆ. ಮನೆಯವರೆಲ್ಲ ಹಿಗ್ಗಿದರು, ಅವಳು ಮಾತ್ರ ತಟ್ಟೆ ಸರಿಸಿದಳು. "ಹೊಸಬರು ಹೊತ್ತಿಗೆ ಸರಿಯಾಗಿ ಊಟ ಹಾಕ್ತಾರಾ, ಅತ್ತೆ?" ಎಂದು ರಾಗ ಎಳೆದಳು. ಕುರ್ಚಿಯ ಮೊದಲ ದಿನ ಸಂಜೆ ಅವಳು ನಗುನಗುತ್ತಲೇ ಬಂದಳು. ಕಾಫಿ ಲೋಟ ಕೊಡಲು ಬಂದ ಅತ್ತೆ ಅವಳ ಕೈ ಹಿಡಿದು ಮೂಸಿದರು. "ಇದೇನೇ, ಕುರ್ಚಿಗೂ ಸ್ಪಿರಿಟ್ಟು ಬಳೀತಾರಾ?" "ಕುರ್ಚಿ ಮೇಲೆ ನನ್ನ ಬ್ಯಾಗ್ ಕೂರಿಸಿದೀನಿ ಅತ್ತೆ. ಹೊಸಬರಿಗೆ ಕಲಿಸೋದೂ ನನ್ನ ಕೆಲಸಾನೇ ಅಂತ ಸಾಹೇಬರನ್ನ ಒಪ್ಪಿಸ್ದೆ." ಅತ್ತೆ ಹಿಡಿದ ಕೈ ಬಿಡಲಿಲ್ಲ. "ಸರಿ ಬಿಡು," ಎಂದವರು ಮೆಲ್ಲಗೆ ಕೇಳಿದರು, "ಎಲ್ಲರೂ ಹೊಟ್ಟೆ ತುಂಬ ತಿಂದ್ರಾ?"