ಪೆನಿನಾ ಬರೆಯದೆ ಬಂದ ಮದ್ದು

ಪೆನಿನಾ ಹನ್ನೊಂದು ವರ್ಷದಿಂದ ತುತುಯಿಲಾ ದ್ವೀಪದ ಆಸ್ಪತ್ರೆಯೊಂದರಲ್ಲಿ ಪ್ರಾಕ್ಟಿಕಲ್ ನರ್ಸ್. ಮಾತ್ರೆ ಕೊಡುವುದು, ಗಾಯ ತೊಳೆಯುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ನರಕ್ಕೆ ನೇರವಾಗಿ ಮದ್ದು ಹಾಕುವುದು ಮಾತ್ರ ರಿಜಿಸ್ಟರ್ಡ್ ನರ್ಸ್‌ಗಳ ಕೆಲಸ. ಆ ದರ್ಜೆಗೆ ಏರಲು ಎರಡು ವರ್ಷದಿಂದ ವಾರದ ಐದು ದಿನ ಕಾಲೇಜು, ಶನಿವಾರ ಭಾನುವಾರ ಸಂಬಳಕ್ಕೆ ವಾರ್ಡು. ವಿದ್ಯಾರ್ಥಿಯಾಗಿ ಹೋದ ದಿನ ಕಾಲೇಜಿನ ಮೇಡಂ ಪಕ್ಕದಲ್ಲಿ ನಿಂತರೆ ಮಾಡಬಹುದಾದ ಕೆಲಸವನ್ನು ಸಂಬಳಕ್ಕೆ ದುಡಿಯುವ ದಿನ ಮುಟ್ಟುವಂತಿಲ್ಲ. ಕೈಗಳಿಗೆ ಈ ಲೆಕ್ಕ ಎಲ್ಲಿ ತಿಳಿಯುತ್ತದೆ! ಪರೀಕ್ಷೆಗೆ ಇನ್ನು ನಲವತ್ತು ದಿನ ಇತ್ತು.

ಆ ಶನಿವಾರ ಮಾವನನ್ನೇ ಅವಳ ವಾರ್ಡಿಗೆ ತಂದು ಮಲಗಿಸಿದ್ದರು. ಇಡೀ ಕುಟುಂಬಕ್ಕೆ ಯಜಮಾನನಾದ ಮನುಷ್ಯ, ಎದೆಯಲ್ಲಿ ನೀರು ತುಂಬಿ ಬಾಯಿ ಬಾಯಿ ಬಿಡುತ್ತಿದ್ದ. ಡಾಕ್ಟರು ನರಕ್ಕೆ ಹಾಕುವ ಮದ್ದು ಬರೆದು ಬೇರೆ ತುರ್ತಿಗೆ ಓಡಿದರು. ಅದನ್ನು ಹಾಕಬೇಕಾದ ಅಕೆನೆಸೆ, ಅವತ್ತಿಗಿದ್ದ ಒಬ್ಬಳೇ ರಿಜಿಸ್ಟರ್ಡ್ ನರ್ಸ್, ಬಾಣಂತಿಯೊಬ್ಬಳಿಗೆ ರಕ್ತ ನಿಲ್ಲದೆ ಆಪರೇಷನ್ ಕೋಣೆ ಸೇರಿದ್ದಳು.

"ಏನೇ, ಗೊಂಬೆ ಹಾಗೆ ನಿಂತಿದ್ದೀಯಾ?" ಅತ್ತೆ ಲುಪೆ ಹೆಗಲ ಮೇಲಿನ ಟವೆಲ್ ಕಿವುಚುತ್ತಿದ್ದಳು. "ಎರಡು ವರ್ಷ ನಿನ್ನ ಮಕ್ಕಳ ಮೂಗು ಒರೆಸಿದ್ದೀನಿ. ಭಾನುವಾರ ಚರ್ಚಿಗೂ ಬರದೆ ದುಡಿದು ಓದಿದ್ದು ಯಾವ ಪುರುಷಾರ್ಥಕ್ಕೆ?"

"ನಾನು ಹಾಕೋ ಹಾಗಿಲ್ಲ ಅತ್ತೆ."

"ಗೊತ್ತಿಲ್ವೋ, ಹಾಕೋ ಹಾಗಿಲ್ವೋ?"

ಗೊತ್ತಿತ್ತು. ಪೆನಿನಾ ಹಾಕಿಬಿಟ್ಟಳು. ಅರ್ಧ ಗಂಟೆಯಲ್ಲಿ ಮಾವನ ಉಸಿರು ಹದಕ್ಕೆ ಬಂತು. ಚಾರ್ಟಿನಲ್ಲಿ ಮದ್ದು ಕೊಟ್ಟವರ ಹೆಸರು ಬರೆಯುವ ಚೌಕವಿತ್ತು. ಬರೆದರೆ ಲೈಸೆನ್ಸ್ ಹೋಗುತ್ತದೆ, ಓದೂ ಹೋಗುತ್ತದೆ. ಅಕೆನೆಸೆ ಬಂದ ಮೇಲೆ ಹೇಳಿದರಾಯಿತೆಂದು ಕಾದಳು. ಅಕೆನೆಸೆ ಬರಲಿಲ್ಲ. ಐದಕ್ಕೆ ಪಾಳಿ ಮುಗಿಯಿತು. ಮೈದುನ ಬಂದು ಮಂಚದ ಪಕ್ಕ ಕೂತ ಮೇಲೆ ಅವಳು ಚೌಕವನ್ನು ಖಾಲಿ ಬಿಟ್ಟು ಅತ್ತೆಯ ಜೊತೆ ಮನೆಗೆ ಬಂದಳು.

ಸಂಜೆ ಪ್ರಾರ್ಥನೆಯ ಗಂಟೆ ಬಾರಿಸಿತು. ಊರ ಗಂಡಸರು ರಸ್ತೆಗೆ ಅಡ್ಡ ನಿಂತರು. ಊರಿನ ಕಟ್ಟಳೆಯಂತೆ ಇನ್ನು ಪ್ರಾರ್ಥನೆ ಮುಗಿಯುವ ತನಕ ನಾಯಿ ಬಿಟ್ಟರೆ ಯಾರೂ ಓಡಾಡುವಂತಿಲ್ಲ. ಮಕ್ಕಳು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವು. ಸೊಸೆಯನ್ನು ಬೈಯುವುದರಲ್ಲಿ ಕೈ ಬಿಗಿಹಿಡಿಯದ ಲುಪೆ, ಹೊಗಳುವುದಕ್ಕೆ ನಿಂತರೂ ಅಷ್ಟೇ.

"ದೇವರೇ, ನನ್ನ ಸೊಸೆಯ ಕೈಗೆ ಆ ಗುಣ ಕೊಟ್ಟೆಯಲ್ಲಾ! ಡಾಕ್ಟರು ಬರೆದಿಟ್ಟು ಹೋದ ಮದ್ದನ್ನ ಕೊಡೋರಿಲ್ಲದೆ ಹಾಗೇ ಬಿದ್ದಿತ್ತು..."

ಪೆನಿನಾ ಥಟ್ಟನೆ ಕಣ್ಣು ತೆರೆದಳು. ಡಾಕ್ಟರು ಬರೆದದ್ದು ಚಾರ್ಟಿನಲ್ಲಿ ಇನ್ನೂ ಹಾಗೇ ಇದೆ. ಅಕೆನೆಸೆ ವಾರ್ಡಿಗೆ ಬಂದು ನೋಡಿದರೆ ಖಾಲಿ ಚೌಕ ಕಾಣುತ್ತದೆ, ಇನ್ನೊಮ್ಮೆ ಹಾಕುತ್ತಾಳೆ. ಆ ವಯಸ್ಸಿನ ದೇಹ ಎರಡನೆಯದನ್ನು ತಡೆಯುವುದಿಲ್ಲ, ರಕ್ತದೊತ್ತಡ ಪಾತಾಳಕ್ಕೆ ಇಳಿಯುತ್ತದೆ. ಎರಡು ತಾಸಿನಿಂದ ತನಗೇನಾಗುತ್ತದೋ ಎಂದು ಹೆದರಿದ್ದಳೇ ಹೊರತು ಮಾವನ ನೆನಪೇ ಬಂದಿರಲಿಲ್ಲ. ನಾಚಿಕೆಯಿಂದ ಅವಳ ಮೈ ಸುಟ್ಟಂತಾಯಿತು.

ಪ್ರಾರ್ಥನೆಯ ನಡುವೆ ಅವಳು ಎದ್ದಳು. ಮಕ್ಕಳು ಕಣ್ಣುಬಿಟ್ಟವು. ವಾರ್ಡಿಗೆ ಹಚ್ಚಿದ ಫೋನು ಆರು ಸಲ ಹೊಡೆದುಕೊಂಡ ಮೇಲೆ ಅಕೆನೆಸೆ ಎತ್ತಿದಳು.

"ಅಕ್ಕಾ, ಮಾವನ ಮದ್ದು..."

"ಈಗ ತಾನೇ ಬಂದೆ ಕಣೇ. ಅದನ್ನೇ ಸಿರಿಂಜಿಗೆ ತುಂಬ್ಕೊಂಡಿದ್ದೀನಿ. ಯಾರೂ ಕೊಟ್ಟೇ ಇಲ್ಲ ನೋಡು!"

"ಬೇಡ ಅಕ್ಕಾ! ಕೆಳಗಿಡಿ! ನಾನು ಕೊಟ್ಟಿದ್ದೀನಿ."

ಆ ಕಡೆ ಟ್ರೇ ಸದ್ದಾಯಿತು. "ನೀನಾ? ಪಕ್ಕದಲ್ಲಿ ಯಾರಿದ್ರು?"

"ಯಾರೂ ಇರ್ಲಿಲ್ಲ."

"ನಲವತ್ತೇ ದಿನ ಇತ್ತಲ್ಲೇ ಪೆನಿನಾ..." ಅಕೆನೆಸೆಯ ದನಿ ಕುಗ್ಗಿತು. "ಇದನ್ನ ನಾನು ಮುಚ್ಚಿಡಕ್ಕಾಗಲ್ಲ."

"ಬರ್ಕೊಳ್ಳಿ. ನಾಲ್ಕೂ ಹತ್ತಕ್ಕೆ, ನಲವತ್ತು ಮಿಲಿಗ್ರಾಂ."

ಲುಪೆ ದೇವರನ್ನು ಅರ್ಧಕ್ಕೆ ಬಿಟ್ಟು ಎದ್ದು ಬಂದಿದ್ದಳು. ಅವಳ ಮುಖ ಬಿಳಿಚಿಕೊಂಡಿತ್ತು. "ನಾನು ಹೇಳಿದ್ದಕ್ಕೆ ತಾನೇ ನೀನು ಕೊಟ್ಟಿದ್ದು? ಹಾಗಂತ ಬರೀ ಅನ್ನು. ಅತ್ತೆ ಹೇಳಿದ್ಲು ಅಂತ ಬರೀಲಿ!"

"ಚಾರ್ಟಲ್ಲಿ ಅದಕ್ಕೆ ಜಾಗ ಇಲ್ಲ ಅತ್ತೆ. ಕೊಟ್ಟೋರ ಹೆಸರು ಮಾತ್ರ ಇರೋದು," ಎಂದು ಪೆನಿನಾ ಫೋನಿನತ್ತ ತಿರುಗಿ ತನ್ನ ಪೂರ್ತಿ ಹೆಸರು ಹೇಳಿದಳು.