ಅಸಿಪೇ ಕೆತ್ತಿದ ಗುಳಿಮಣೆ

ನಮ್ಮೂರಲ್ಲಿ ಕಾಯಿ ಹಂಚಿ ಆಡುವ ಗುಳಿಮಣೆ ಕೆತ್ತುವ ಹಕ್ಕು ಹೆಂಡತಿ ಸತ್ತವನಿಗೆ ಮಾತ್ರ. ಅವಳು ಬದುಕಿರುವಾಗಲೇ ಕೆತ್ತಿದರೆ ಕೈಯಾರೆ ಗುಂಡಿಗೆ ಇಳಿಸಿದಂತೆ ಎಂದು ಹಿರಿಯರು ನಂಬಿದ್ದರು. ಹಾಗಾಗಿ ಸುರಿನಾಮ್ ನದಿಯ ಮೇಲ್ದಂಡೆಯ ಅಷ್ಟೂ ಊರುಗಳಿಗೆ ದೋಣಿಯ ಹುಟ್ಟು, ಬಾಚಣಿಗೆ, ಕಾಲ್ಮಣೆ ಕೆತ್ತಿಕೊಟ್ಟ ಅಸಿಪೇ, ಅರವತ್ತು ದಾಟಿದರೂ ಒಂದು ಗುಳಿಮಣೆಗೆ ಉಳಿ ತಾಗಿಸಿರಲಿಲ್ಲ. ಮಾತಿನಲ್ಲಿ ಮಹಾ ಜಿಪುಣ. ಅವನ ಪಾಲಿನದನ್ನೂ ಹೆಂಡತಿ ಅಕೋಮಿಯೇ ಆಡುತ್ತಿದ್ದಳು. ನಾನು ಪಕ್ಕದ ಮನೆಯವಳು. ಅವರು ಕೆಮ್ಮಿದರೂ ನನಗೆ ಕೇಳುತ್ತದೆ.

ಅವರ ಮೊಮ್ಮಗಳು ಎಡ್ಮಿ. ಹೆತ್ತವಳು ಬಾಣಂತಿತನದಲ್ಲೇ ಹೋದದ್ದರಿಂದ ಅಜ್ಜಿಯ ಕೈಯಲ್ಲಿ ಬೆಳೆದವಳು. ಇಬ್ಬರೂ ಬಾಗಿಲ ಮುಂದಿನ ಮರಳಲ್ಲಿ ಗುಳಿ ತೋಡಿ ಗಜ್ಜುಗ ಹಂಚಿ ಆಡುತ್ತಿದ್ದರು. ಅಕೋಮಿ ಶುದ್ಧ ಕಳ್ಳಿ, ಕಾಯಿಗಳನ್ನು ಮಡಿಲಲ್ಲಿ ಬಚ್ಚಿಡುವವಳು. ಹುಡುಗಿ ಅವಳ ಬಟ್ಟೆ ಜಾಡಿಸಿ ಜಗಳ ತೆಗೆಯುತ್ತಿದ್ದಳು. ಅಸಿಪೇ ಉಳಿ ಕೆಳಗಿಟ್ಟು ನೋಡುತ್ತಾ ಕೂರುತ್ತಿದ್ದ.

ಎಡ್ಮಿಗೆ ಒಂಬತ್ತಾದ ವರ್ಷ ಅಕೋಮಿಯ ಹೊಟ್ಟೆ ಊದಿತು, ಕಾಲು ಸೋತವು. ಪಟ್ಟಣದ ಆಸ್ಪತ್ರೆಯವರು ಇನ್ನು ಮನೆಯಲ್ಲೇ ಇರಲಿ ಎಂದು ದೋಣಿ ಹತ್ತಿಸಿ ಕಳಿಸಿದರು. ಒಳಗೆ ಚಾಪೆ ಹಿಡಿದವಳ ಹತ್ತಿರ ಎಡ್ಮಿ ಸುಳಿಯಲಿಲ್ಲ. ಆ ವಾಸನೆಗೆ, ನರಳಾಟಕ್ಕೆ ಮಗು ಹೆದರಿತ್ತು. ಅಕೋಮಿ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಸಾಯುವುದಕ್ಕಲ್ಲ, ಸಾಕಿದ ಹುಡುಗಿ ಕೊನೆಗೊಮ್ಮೆ ಮುಟ್ಟಲೂ ಬರಲಿಲ್ಲವಲ್ಲ ಎಂದು.

ಒಂದು ಬೆಳಿಗ್ಗೆ ನಾನು ಭತ್ತ ಕುಟ್ಟುತ್ತಿದ್ದಾಗ ಎಡ್ಮಿ ತಾತನ ಮೊಣಕಾಲು ಹಿಡಿದು ಕೂತಳು.

"ತಾತಾ, ಮಣೆ ಇದ್ರೆ ಅಜ್ಜಿ ಮಲಗಿದ್ದಲ್ಲೇ ಆಡ್ಬೋದು. ಒಂದು ಮಾಡ್ಕೊಡು. ನಿನ್ನಾಣೆ, ನಾನು ಒಳಗೆ ಹೋಗ್ತೀನಿ."

ಊರಿಗಿದ್ದ ಒಂದೇ ಮಣೆ, ಹೆಣ ಇಟ್ಟು ಕಾಯುವ ಸಾವಿನ ಮನೆಯದು. ಹೂಳುವವರೆಗೆ ಸತ್ತವರಿಗೆ ಬೇಸರವಾಗದಿರಲೆಂದು ಹಗಲಲ್ಲಿ ಆಡುವಂಥದ್ದು. ಬದುಕಿರುವವರ ಮನೆಗೆ ತರುವಂತಿಲ್ಲ. ಕೆತ್ತುವ ಹಕ್ಕಿದ್ದ ಒಬ್ಬನೇ ವಿಧುರನಿಗೆ ವಯಸ್ಸಾಗಿ ಉಳಿ ಹಿಡಿಯಲಾಗುತ್ತಿರಲಿಲ್ಲ. ಅಸಿಪೇ ಅಂದು ಊಟ ಮುಟ್ಟಲಿಲ್ಲ. ಮರುದಿನ ಅವನ ಹಿತ್ತಲಿಂದ ಉಳಿಯ ಸದ್ದು ಬಂತು.

ಎಡ್ಮಿ ಮಾತಿಗೆ ತಪ್ಪಲಿಲ್ಲ. ಅಜ್ಜಿಯ ಪಕ್ಕಕ್ಕೇ ಅಂಟಿಕೊಂಡು ಕೂತಳು. ಅಕೋಮಿ ಆ ಸ್ಥಿತಿಯಲ್ಲೂ ಕದ್ದಳು, ಕಂಕುಳಲ್ಲಿ ಕಾಯಿ ಸಿಕ್ಕಿತು, ಇಬ್ಬರ ನಗು ನನ್ನ ಒಲೆಯವರೆಗೂ ಬಂತು. ಆ ತಿಂಗಳು ಮುಗಿಯುವುದರೊಳಗೆ ಅವಳು ತೀರಿಕೊಂಡಳು.

ಸಾವಿನ ಮನೆ ತುಂಬಿತ್ತು. ಅಕೋಮಿಯ ಅಣ್ಣ ತಂಡೊ ಆ ಹೊಸ ಮಣೆಯನ್ನು ಎತ್ತಿ ಹಿಡಿದ.

"ನನ್ ತಂಗಿ ಉಸಿರಾಡ್ತಿರೋವಾಗ್ಲೇ ಇದನ್ನ ಕೆತ್ತು ಅಂದೋರು ಯಾರು?"

ಎಡ್ಮಿಯ ಮುಖ ಬಿಳಿಚಿಕೊಂಡಿತು. ತನ್ನ ಆಟವೇ ಅಜ್ಜಿಯನ್ನು ಕೊಂದಿತೆಂದು ಅವಳಿಗೆ ಆಗಲೇ ಅರ್ಥವಾದಂತಿತ್ತು. ತುಟಿ ಅಲುಗಿತು, ಹೇಳಿಯೇಬಿಡುತ್ತಿದ್ದಳು. ಅಷ್ಟರಲ್ಲಿ ಅಸಿಪೇ ಎದ್ದು ನಿಂತ.

"ಯಾರೂ ಅನ್ಲಿಲ್ಲ. ಈ ಹುಡುಗಿ ಬಾಯಿ ಬಿಡೋಕೆ ಮುಂಚೇನೇ ಮರ ಕಡಿದಿಟ್ಟಿದ್ದೆ. ಅವಳ ನರಳಾಟ ಕೇಳಿ ಕೇಳಿ ಸಾಕಾಗಿತ್ತು ನಂಗೆ. ಬೇಗ ಹೋಗ್ಲಿ ಅಂತ್ಲೇ ಕೆತ್ತಿದೆ."

ಅವನು ಜನರೆದುರು ಅಷ್ಟು ಉದ್ದ ಮಾತಾಡಿದ್ದು ಅದೊಂದೇ ಸಲ, ಅದೂ ಹಸಿ ಸುಳ್ಳು. ನಾನು ಬಾಯಿ ತೆರೆಯುವಷ್ಟರಲ್ಲಿ ಕಣ್ಣಲ್ಲೇ ತಡೆದ. ತಂಡೊ ಅವನ ಮುಖಕ್ಕೆ ಉಗಿದ. ಹೂಳುವ ಜಾಗಕ್ಕೂ ಬರಗೊಡಲಿಲ್ಲ. ಎಡ್ಮಿಯ ಮುಖಕ್ಕೆ ಜೀವ ಮರಳಿತು. ಆದರೆ ಅವಳು ತಾತನನ್ನು ಅಪರಿಚಿತನಂತೆ ನೋಡಿ ತಂಡೊನ ಹಿಂದೆ ಸರಿದಳು.

ತಂಡೊ ಅವಳನ್ನು ತನ್ನೂರಿಗೆ ಕರೆದೊಯ್ದ. ದೋಣಿ ಹತ್ತುವಾಗ ಅವಳು ತಿರುಗಿಯೂ ನೋಡಲಿಲ್ಲ. ನಾನು ಅಸಿಪೇಗೆ ಮನಸಾರೆ ಬೈದೆ, ನಾಳೆಯೇ ಹೋಗಿ ನಿಜ ಹೇಳುತ್ತೇನೆಂದೆ.

"ಬೇಡ ಕಣಮ್ಮ. ಸಿಟ್ಟು ನನ್ ಮೇಲಿದ್ರೆ ಅವಳು ಬದುಕ್ತಾಳೆ. ತನ್ ಮೇಲೇ ತಿರುಗಿಸ್ಕೊಂಡ್ರೆ ಬದುಕಲ್ಲ."

ಈಗ ಕೆತ್ತುವ ಹಕ್ಕು ಅವನಿಗೆ ಬಂದಿದೆ, ಆದರೆ ಅವನ ಮಣೆಯನ್ನು ಯಾರೂ ಮುಟ್ಟುವುದಿಲ್ಲ. ಹಗಲೆಲ್ಲ ಎರಡೂ ಕಡೆ ತಾನೇ ಆಡುತ್ತಾನೆ. ಹೊತ್ತು ಮುಳುಗಿದ ಮೇಲೆ ಆಡಿದರೆ ಸತ್ತವರು ಬಂದು ಕೂರುತ್ತಾರೆಂದು ಬೇಗ ಎತ್ತಿಡುವುದು ನಮ್ಮಲ್ಲಿ ರೂಢಿ. ಅವನು ಮಾತ್ರ ಕತ್ತಲಾದರೂ ಎತ್ತಿಡುವುದಿಲ್ಲ.

ಹೋದ ವರ್ಷ, ಬೆಳೆದು ದೊಡ್ಡವಳಾದ ಎಡ್ಮಿ ನಮ್ಮನೆಗೆ ಬಂದಿದ್ದಳು, ಸೊಂಟದಲ್ಲಿ ತನ್ನ ಮಗು. ಅಸಿಪೇ ಬೇಲಿಯಾಚೆಯಿಂದ ಅಂಗೈಯಲ್ಲಿ ಒಂದು ಗಜ್ಜುಗ ಚಾಚಿದ. ಮಗು ಕೈ ನೀಡಿತು. ಅವಳು ಮಗುವನ್ನು ಸೊಂಟದ ಇನ್ನೊಂದು ಬದಿಗೆ ಬದಲಿಸಿ ಒಳಗೆ ಬಂದಳು.

ಅವಳು ಹೊರಟ ಮೇಲೆ ಅವನು ಒಂದೇ ಮಾತು ಕೇಳಿದ.

"ಒಳಗೆ ನಗ್ತಿದ್ಲಾ?"

ನಗ್ತಿದ್ಲು ಎಂದೆ. ತಲೆಯಾಡಿಸಿ ಮಣೆಯ ಮುಂದೆ ಕೂತ.