ಸುಕ್ಕಿಲ್ಲದವರ ಕಟ್ಟು

ಇಸ್ತ್ರಿ ಅಂಗಡಿಯವಳಿಗೆ ಗಂಡ ಬಿಟ್ಟುಹೋದದ್ದು ಎರಡು ಇಸ್ತ್ರಿ ಪೆಟ್ಟಿಗೆ, ಒಂದು ಉದ್ದದ ಮೇಜು, ಒಂದು ಫೋನು. ಪೆಟ್ಟಿಗೆಗಳ ಸ್ವಭಾವ ಅವಳಿಗೆ ಗೊತ್ತಿತ್ತು. ಮೇಜಿನ ಯಾವ ಕಾಲು ಅಲ್ಲಾಡುತ್ತದೆ ಎನ್ನುವುದೂ ಗೊತ್ತಿತ್ತು. ಫೋನಿನ ವಿಷಯ ಮಾತ್ರ ಗೊತ್ತಿರಲಿಲ್ಲ. ಅದರೊಳಗೆ ಅವನು ಮೂವತ್ತು ಜನರನ್ನು ಸಾಕಿಕೊಂಡಿದ್ದ.

ಅದು ಕಾರ್ಡಿನ ಆಟ. ಇಸ್ಪೀಟಲ್ಲ. ರಾಜ, ಸೈನಿಕ, ಮಾಟಗಾತಿ, ಮೀನು ಹಿಡಿಯುವವನು, ಹೀಗೆ ಸಾವಿರಾರು ಕಾರ್ಡು. ಅದರಲ್ಲಿ ಮೂವತ್ತನ್ನು ಆರಿಸಿ ಒಂದು ಕಟ್ಟು ಮಾಡಿಕೊಳ್ಳಬೇಕು. ಎದುರಿಗೆ ಇನ್ನೊಬ್ಬರ ಕಟ್ಟು. ಇವರ ಜನ ಅವರ ಜನರನ್ನು ಹೊಡೆಯುತ್ತಾರೆ, ಅವರು ಇವರನ್ನು. ಬುದ್ಧಿ ಇದ್ದವರು ಯಾವ ಕಾರ್ಡಿಗೆ ಎಷ್ಟು ಬಲ ಎಂದು ನೋಡಿ ಆರಿಸುತ್ತಾರೆ. ಅವಳ ಗಂಡ ಬಟ್ಟೆ ನೋಡಿ ಆರಿಸಿದ್ದ. ಚಿತ್ರದಲ್ಲಿ ಯಾರ ಮೈಮೇಲಿನ ಬಟ್ಟೆಗೆ ಸುಕ್ಕಿಲ್ಲವೋ ಅವರಿಗಷ್ಟೇ ಅವನ ಕಟ್ಟಿನಲ್ಲಿ ಜಾಗ. ಬೆಂಕಿ ಉಗುಳುವ ಸೇನಾಪತಿ ಪುಕ್ಕಟೆ ಸಿಕ್ಕಾಗಲೂ, ತೋಳು ಮುದುಡಿದೆ ಎಂದು ಆಚೆ ಹಾಕಿದ್ದ.

ಪಕ್ಕದ ಕ್ಷೌರದಂಗಡಿಯವನು ಅವನಿಗೆ ತಕ್ಕ ಜೋಡಿ. ಬೀದಿಯವರೆಲ್ಲ ಅವನನ್ನು ಕತ್ತರಿ ಎಂದೇ ಕರೆಯುತ್ತಿದ್ದರು. ಕತ್ತರಿಯ ಕಟ್ಟಿನಲ್ಲಿ ಮೂವತ್ತಕ್ಕೆ ಮೂವತ್ತೂ ಮೀಸೆಯವರು. ಅವನ ಸ್ವಂತ ಮುಖದಲ್ಲಿ ಮಾತ್ರ ಮೀಸೆ ಚಿಗುರುವ ಮನಸ್ಸು ಮಾಡಿರಲಿಲ್ಲ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಇಬ್ಬರೂ ಅಂಗಡಿಗಳ ನಡುವಿನ ಬೆಂಚಿನ ಮೇಲೆ ಭುಜಕ್ಕೆ ಭುಜ ತಾಗಿಸಿಕೊಂಡು ಕೂರುತ್ತಿದ್ದರು. ಫೋನಿನಲ್ಲಿ ಒಬ್ಬರ ಮೇಲೊಬ್ಬರು ದಂಡೆತ್ತಿ ಹೋಗುತ್ತಿದ್ದರು. ಹೊರಗಿನವರ ಮೇಲೆ ಆಡಿದರೆ ಇಬ್ಬರಿಗೂ ಸೋಲೇ. ಅದಕ್ಕೆ ಹೊರಗಿನವರ ಗೊಡವೆಗೆ ಹೋಗುತ್ತಿರಲಿಲ್ಲ.

"ಸುಕ್ಕು ತೆಗೆದು ತೆಗೆದು ನಿಮ್ಮ ಮಿದುಳಿನ ಸುಕ್ಕೂ ಹೋಗಿದೆ," ಎಂದು ಅವಳು ಒಳಗಿನಿಂದ ಕೂಗುತ್ತಿದ್ದಳು.

"ಬಂದೆ ಕಣೇ. ರಾಜ ಇಳೀತಿದ್ದಾನೆ, ಒಂದು ನಿಮಿಷ," ಎನ್ನುತ್ತಿದ್ದ ಗಂಡ. ಆ ಒಂದು ನಿಮಿಷದಲ್ಲಿ ಅವಳು ನಾಲ್ಕು ಪ್ಯಾಂಟು ಮುಗಿಸುತ್ತಿದ್ದಳು.

ಮೂರು ತಿಂಗಳ ಹಿಂದೆ, ಒಂದು ಬೆಳಿಗ್ಗೆ, ಅಂಗಿಯ ಒಂದು ತೋಳು ಮುಗಿಸಿ ಇನ್ನೊಂದನ್ನು ಎಳೆದುಕೊಳ್ಳುವಾಗ ಅವನು ಹಾಗೇ ಕೂತುಬಿಟ್ಟ. ಮತ್ತೆ ಏಳಲಿಲ್ಲ. ಆ ಇನ್ನೊಂದು ತೋಳನ್ನು ಅವಳೇ ಮುಗಿಸಿ ಕೊಟ್ಟಳು. ಕೊಡುವಾಗ ತಡವಾಯಿತು ಎಂದಳು. ಅಂಗಿಯವರು ಪರವಾಗಿಲ್ಲ ಎಂದರು.

ಬೀರು ಖಾಲಿ ಮಾಡಿದಳು. ಅವನ ಚಪ್ಪಲಿ ಯಾರಿಗೋ ಕೊಟ್ಟಳು. ಕೊನೆಗೆ ಒಂದು ಶುಕ್ರವಾರ ಫೋನು ತೆಗೆದಳು. ಅವನು ಆಡುವುದನ್ನು ಹೆಗಲ ಮೇಲಿನಿಂದ ಎಷ್ಟೋ ಸಲ ನೋಡಿದ್ದಳು. ಎಲ್ಲಿ ಒತ್ತಿದರೆ ಏನು ತೆರೆಯುತ್ತದೆ ಎಂದು ಬೆರಳಿಗೆ ನೆನಪಿತ್ತು. ಬೇಡದ ಕಾರ್ಡನ್ನು ಒಡೆದರೆ ಪುಡಿ ಬರುತ್ತದೆ, ಪುಡಿ ಕೂಡಿದರೆ ಬೇಕಾದ ಕಾರ್ಡು ಮಾಡಿಕೊಳ್ಳಬಹುದು ಎನ್ನುವುದೂ ತಿಳಿದಿತ್ತು. ಓದು ಅಷ್ಟಕ್ಕಷ್ಟೇ. ಆದರೆ ಚಿತ್ರ ನೋಡಲು ಓದು ಯಾಕೆ ಬೇಕು?

ಒಬ್ಬೊಬ್ಬರನ್ನೇ ನೋಡುತ್ತ ಹೋದಳು. ನೆಟ್ಟಗೆ ನಿಂತ ಸೈನಿಕರು. ನೆರಿಗೆ ಎಣಿಸಬಹುದಾದ ಲಂಗದ ರಾಣಿ. ಹಾಲಿನಂತೆ ಬಿಳಿಯ ನಿಲುವಂಗಿ ತೊಟ್ಟ ರಾಜ. ಆಮೇಲೆ ಇವಳು. ಕೋಟೆಯ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾಳೆ. ತೋಳು ಮೇಲಕ್ಕೆ ಮಡಚಿದ್ದಾಳೆ. ತಲೆ ಕೆದರಿದೆ. ಬಾಯಿ ತೆರೆದು ಯಾರನ್ನೋ ಬಯ್ಯುತ್ತಿದ್ದಾಳೆ. ಬಟ್ಟೆಯೋ, ಹಿಂಡಿ ಹಾಗೇ ಮರೆತಂತಿದೆ.

'ಇವಳು ಹೇಗೆ ನುಸುಳಿದಳು,' ಅಂದುಕೊಂಡಳು. ಅವನ ಕಣ್ಣಿಗೆ ವಯಸ್ಸಾಗಿತ್ತು, ಪಾಪ, ಕಂಡಿರಲಿಕ್ಕಿಲ್ಲ. ಗಿರಾಕಿಗೆ ಕೊಡುವ ಮೊದಲು ಗಂಡ ಬಿಟ್ಟ ಸುಕ್ಕನ್ನು ಸದ್ದಿಲ್ಲದೆ ತೆಗೆದು ಅಭ್ಯಾಸವಾದ ಕೈ ಅದು. ಒತ್ತಿತು. ಬಾಗಿಲಿನವಳು ಒಡೆದು ನೂರು ಪುಡಿಯಾದಳು. ಆ ನೂರರಲ್ಲಿ ಅವಳು ಒಬ್ಬ ಕಹಳೆಯವನನ್ನು ಮಾಡಿಕೊಂಡಳು. ಅವನ ಪ್ಯಾಂಟಿನ ಗೆರೆ ಅಲಗಿನಂತಿತ್ತು. ಆ ದಿನ ಅವಳಿಗೆ ಮೂರು ತಿಂಗಳಲ್ಲಿ ಮೊದಲ ಸಲ ಏನೋ ಒಂದು ಕೆಲಸ ಮುಗಿಸಿದಂತೆ ಅನ್ನಿಸಿತು.

ಮಾರನೆಯ ದಿನ ಮಧ್ಯಾಹ್ನ ಕತ್ತರಿಗೆ ತೋರಿಸಿದಳು. ಅವನು ನೋಡುತ್ತ ಹೋದ. ಮತ್ತೆ ಮೊದಲಿನಿಂದ ನೋಡಿದ.

"ಅತ್ತಿಗೆ, ಆ ಬಾಗಿಲಿನವಳು ಎಲ್ಲಿ?"

"ಆ ಕೊಳಕಿನಾ? ಒಡೆದು ಹಾಕಿದೆ. ನಿಮ್ಮಣ್ಣ ನೋಡ್ದೆ ಸೇರಿಸಿಬಿಟ್ಟಿದ್ರು."

ಕತ್ತರಿ ಫೋನನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟ. "ನೋಡೇ ಸೇರಿಸಿದ್ದು. ಇವಳು ನಮ್ಮನೆಯವಳದೇ ಅಚ್ಚು ಅಂತಿದ್ರು."

"ನನ್ನ ಬಟ್ಟೆ ಹಾಗಿರುತ್ತಾ?"

ಕತ್ತರಿಯ ಕಣ್ಣು ಅವಳ ಸೆರಗಿನ ಮೇಲೆ ಹೋಯಿತು. ಅವಳು ತನ್ನ ಕಡೆ ನೋಡಿಕೊಂಡಳು. ಬೆಳಿಗ್ಗೆಯಿಂದ ಆವಿಯಲ್ಲಿ ನಿಂತ ಬಟ್ಟೆ. ಸೆರಗು ಹಗ್ಗವಾಗಿ ಸೊಂಟ ಸುತ್ತಿತ್ತು. ಊರಿನ ಬಟ್ಟೆಗೆಲ್ಲ ಇಸ್ತ್ರಿ ಹಾಕಿದ ಮೂವತ್ತೊಂದು ವರ್ಷದಲ್ಲಿ ತನ್ನ ಬಟ್ಟೆಗೆ ಹಾಕಿದ್ದು ಯಾವಾಗ ಎಂದು ಯೋಚಿಸಿದಳು. ನೆನಪಾಗಲಿಲ್ಲ.

"ಮತ್ತೆ ಮಾಡ್ಕೋಬಹುದಲ್ಲ," ಎಂದಳು. ದನಿ ಸಣ್ಣಗಾಗಿತ್ತು.

"ಒಡೆದ್ರೆ ನೂರು ಬರುತ್ತೆ, ಮಾಡೋಕೆ ನಾನೂರು ಬೇಕು. ಅದೂ ಇವತ್ತೇ ಮಾಡ್ಬೇಕು. ನಾಳೆಯಿಂದ ಹಳೇ ಕಾರ್ಡು ಮಾಡ್ಕೊಳ್ಳೋಕೆ ಬರಲ್ಲ. ಇರೋರ ಹತ್ರ ಇರುತ್ತೆ, ಇಲ್ದವರಿಗೆ ಇಲ್ಲ. ವಾರದಿಂದ ಫೋನಲ್ಲಿ ಹಾಕ್ತಿದ್ದಾರೆ, ನೋಡ್ಲಿಲ್ವಾ?"

"ನಾನು ಚಿತ್ರ ನೋಡ್ದೆ."

ಕಹಳೆಯವನನ್ನು ಒಡೆದರೆ ಎಷ್ಟು ಎಂದು ಕೇಳಿದಳು. ಇಪ್ಪತ್ತೈದು. ಸೈನಿಕರನ್ನು? ತಲೆಗೆ ಐದು. ರಾಣಿ? ಅವಳದು ಬರೀ ಆಡಂಬರ, ಅವಳಿಗೂ ಐದೇ.

"ಅಷ್ಟು ಪುಡಿ ಉದುರೋದು ಒಬ್ಬನಿಂದಲೇ," ಎಂದ ಕತ್ತರಿ. "ಆದ್ರೆ ಅವನ ಸುದ್ದಿಗೆ ಹೋಗ್ಬೇಡಿ."

ಬಿಳಿ ನಿಲುವಂಗಿಯ ರಾಜ. ಅವನಿಗಾಗಿ ಗಂಡ ಎಂಟು ತಿಂಗಳು ಕಾದಿದ್ದ. ಸಿಕ್ಕ ದಿನ ಬಟ್ಟೆ ಕೊಡಲು ಬಂದವರಿಗೆಲ್ಲ ಫೋನು ಹಿಡಿದು ತೋರಿಸಿದ್ದ. ಬಿಳಿಗೆ ಇಷ್ಟು ಹೊಳಪು ಬರಬೇಕಾದರೆ ಗಂಜಿ ಎಷ್ಟು ಹಾಕಿರಬೇಕು ಎಂದು ವಾರವಿಡೀ ಅದೇ ಮಾತು. ಆ ಖುಷಿಯಲ್ಲಿ ಯಾರದೋ ಕಾಲರ್ ಸುಟ್ಟಿದ್ದ ಕೂಡ.

"ರಾಜ ಹೋದ್ರೆ ಕಟ್ಟಲ್ಲಿ ಏನು ಉಳಿಯುತ್ತೆ ಅತ್ತಿಗೆ? ಹೊಡೆಯೋನು ಅವನೊಬ್ಬನೇ."

"ಮಿಕ್ಕವರು?"

"ಮಿಕ್ಕವರು ಚೆನ್ನಾಗಿ ನಿಂತ್ಕೋತಾರೆ."

ಅವಳು ಒಳಗೆ ಹೋದಳು. ಎರಡು ಅಂಗಿ ಮುಗಿಸಿದಳು. ಮೂರನೆಯದನ್ನು ಹರಡಿ, ನೀರು ಚಿಮುಕಿಸಿ, ಹಾಗೇ ಬಿಟ್ಟು ಹೊರಗೆ ಬಂದಳು. ಬೆಂಚಿನ ಮೇಲೆ ಕೂತು ರಾಜನನ್ನು ಒತ್ತಿದಳು. ಖಂಡಿತವಾಗಿಯೂ ಒಡೆಯಬೇಕೇ ಎಂದು ಫೋನು ಕೇಳಿತು. ಕತ್ತರಿ ಓದಿ ಹೇಳಿದ. ಹೌದು ಎನ್ನುವುದು ಯಾವ ಕಡೆ ಎಂದು ಕೇಳಿ, ಆ ಕಡೆ ಒತ್ತಿದಳು. ಕತ್ತರಿ ಮುಖ ತಿರುಗಿಸಿಕೊಂಡ. ಅವನ ಮೀಸೆಯವರ ನಿದ್ದೆ ಕೆಡಿಸುತ್ತಿದ್ದ ರಾಜ, ಆದರೂ ಅವನಿಗೇ ಕಣ್ಣು ತುಂಬಿತ್ತು.

ಬಾಗಿಲಿನವಳು ವಾಪಸ್ ಬಂದಳು. ಅದೇ ತಲೆ, ಅದೇ ಬಾಯಿ.

"ಸರಿಯಾಗಿ ಕೂತಳಾ ಇಲ್ವಾ, ಒಂದು ಆಟ ಆಡಿ ನೋಡೋಣ," ಎಂದಳು.

ಆಡಿದರು. ಕತ್ತರಿಯ ಗಿರಿಜಾಮೀಸೆಯ ದಳವಾಯಿ ಬಂದು ಸಾಲಾಗಿ ಸೈನಿಕರನ್ನು ಮಲಗಿಸಿದ. ಕಹಳೆಯವನು ಒಂದು ಸಲವೂ ಊದದೆ ಹೋದ. ಮೂರನೆಯ ಸುತ್ತಿನಲ್ಲೇ ಬಾಗಿಲಿನವಳು ಅವಳ ಕೈಗೆ ಬಂದಿದ್ದಳು. ಆದರೆ ಅವಳು ಬೇರೆಯವರನ್ನೇ ಇಳಿಸುತ್ತಿದ್ದಳು. ಎಂಟನೆಯ ಸುತ್ತಾದರೂ ಬಾಗಿಲಿನವಳು ಕೈಯಲ್ಲೇ ಇದ್ದಳು.

ಕತ್ತರಿ ಪಕ್ಕದಿಂದ ಅವಳ ಫೋನಿನೊಳಗೆ ಇಣುಕಿದ. ಅವರ ಬೆಂಚಿನಲ್ಲಿ ಅದು ತಪ್ಪೆಂದು ಯಾರೂ ಎಣಿಸಿರಲಿಲ್ಲ.

"ಅಣ್ಣನೂ ಹೀಗೇ."

"ಹೇಗೆ?"

"ಅವಳನ್ನ ಒಂದು ದಿನಾನೂ ಇಳಿಸಲಿಲ್ಲ. ಏಟು ಬೀಳುತ್ತೆ ಅಂತ. ಕೈಯಲ್ಲೇ ಇಟ್ಕೊಂಡು ಸೋಲೋರು. ನಾನು ಅದನ್ನೇ ನೆಚ್ಚಿಕೊಂಡು ಗೆಲ್ತಿದ್ದೆ."

ಅವಳು ಬಾಗಿಲಿನವಳ ಚಿತ್ರದ ಮೇಲೆ ಬೆರಳಿಟ್ಟಳು.

"ಮೂವತ್ತೊಂದು ವರ್ಷ ಮೇಜಿನ ಮುಂದೆ ನಿಲ್ಸಿದ್ರು," ಎಂದಳು. "ಇಲ್ಲಿ ಮಾತ್ರ ಕೂರ್ಸಿದ್ರಾ?"

ಬಾಗಿಲಿನವಳನ್ನು ಇಳಿಸಿದಳು. ಅವಳು ಬಂದರೆ ಎದುರಾಳಿಯ ಒಬ್ಬನು ಮನೆಗೆ ಹೋಗಬೇಕು ಎಂದು ಕಾರ್ಡಿನ ಮೇಲೆ ಬರೆದಿತ್ತು. ಇಬ್ಬರಲ್ಲಿ ಯಾರೂ ಅದನ್ನು ಅಲ್ಲಿಯವರೆಗೆ ಓದಿರಲಿಲ್ಲ. ಗಿರಿಜಾಮೀಸೆಯ ದಳವಾಯಿ ತಿರುಗಿ ಕತ್ತರಿಯ ಕೈಗೆ ಹೋಗಿ ಬಿದ್ದ.

"ಅಷ್ಟು ಜೋರಾಗಿ ಬೈದಳಾ," ಎಂದ ಕತ್ತರಿ.

ಅವನ ಸರದಿ ಬಂತು. ಬಿಲ್ಲುಗಾರನೊಬ್ಬ ಉಳಿದಿದ್ದ, ತುಟಿಯ ಮೇಲೆ ಒಂದು ಗೆರೆ ಮೀಸೆ. ಬಾಗಿಲಿನವಳಿಗೆ ಅವನ ಒಂದೇ ಬಾಣ ಸಾಕಿತ್ತು. ಕತ್ತರಿಯ ಬೆರಳು ಗಾಜಿನ ಮೇಲೆ ಅತ್ತಿತ್ತ ಅಲೆದಾಡಿತು.

"ಹೊಡಿ."

"ಬೇರೆಯವರನ್ನ ಹೊಡೀತೀನಿ ಅತ್ತಿಗೆ."

"ಬಿಟ್ಟುಕೊಟ್ರೆ ನಿನ್ನ ಅಂಗಡಿ ಬಿಳೀ ಕೋಟಿಗೆ ನೀನೇ ಇಸ್ತ್ರಿ ಹಾಕ್ಕೋ."

ಹೊಡೆದ. ಬಾಗಿಲಿನವಳು ಹೋದಳು. ಇನ್ನೆರಡು ಸುತ್ತಿನಲ್ಲಿ ಆಟವೂ ಹೋಯಿತು.

ಅವಳು ಆತುರವಾಗಿ ಕಟ್ಟನ್ನು ತೆರೆದು ನೋಡಿದಳು. ಮೂವತ್ತೂ ಜನ ಇದ್ದರು. ಬಾಗಿಲಿನವಳು ಸೊಂಟಕ್ಕೆ ಕೈಯಿಟ್ಟು ಬಯ್ಯುತ್ತಲೇ ನಿಂತಿದ್ದಳು.

"ಆಟ ಮುಗಿದ ಮೇಲೆ ಎಲ್ಲ ವಾಪಸ್ ಬರ್ತಾರಾ?"

"ಬರ್ತಾರೆ."

"ನಿಮ್ಮಣ್ಣಂಗೆ ಇದು ಗೊತ್ತಿರಲಿಲ್ವಾ?"

"ಗೊತ್ತಿತ್ತು ಅತ್ತಿಗೆ. ಆದ್ರೂ ಇಳಿಸ್ತಿರಲಿಲ್ಲ."

ಅವಳು ಸೆರಗಿನಿಂದ ಫೋನಿನ ಗಾಜು ಒರೆಸಿದಳು. ಆಮೇಲೆ ಅದೇ ಸೆರಗಿನಿಂದ ಮುಖ ಒರೆಸಿಕೊಂಡಳು. ಅಷ್ಟರಲ್ಲಿ ಎದುರು ಮನೆಯ ಟೀಚರಮ್ಮ ಬಂದು, ಬಟ್ಟೆ ಆಯಿತೇ ಎಂದು ಕೇಳಿದರು.

"ಸಂಜೆ ಬನ್ನಿ ಟೀಚರಮ್ಮ," ಎಂದಳು ಅವಳು, ತಲೆಯೆತ್ತದೆ. "ಇನ್ನೊಂದು ಆಟ ಇದೆ."